ತಮ್ಮನ ಬಗ್ಗೆ ನಾನು ಕೇಳಲೇ ಇಲ್ಲ

ಸಂಜೆ ಏಳಾಗಿತ್ತು. ಮೂರನೇ ಕ್ಲಾಸಿನ ಹುಡುಗಿ, ತೊಡೆ ಮೇಲೆ ಬರೆ. ಬಟ್ಟೆ ಬದಲಿಸುವಾಗ ನೋಡಿದ ಟೀಚರ್ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರು. ಇಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡಬೇಕು. ಸಮಿತಿ ಕೂಡದ ಹೊತ್ತಾದರೆ ಒಬ್ಬರೇ ಸದಸ್ಯರ ಮುಂದೆ ತಂದರೂ ನಡೆಯುತ್ತದೆ. ಅವತ್ತು ಆ ಒಬ್ಬರು ನಾನು. ಸೇರಿ ಆರು ತಿಂಗಳಾಗಿತ್ತಷ್ಟೆ. (ಮಗುವಿನ ಗುರುತು ಹೊರಬೀಳಬಾರದು ಅಂತ ಕಾಯ್ದೆಯೇ ಇದೆ. ಹಾಗಾಗಿ ಊರು ಹೇಳಿಲ್ಲ, ಕೆಲವು ವಿವರ ಬದಲಿಸಿದ್ದೇನೆ.)

ಜನ ನಮ್ಮನ್ನೂ ಫ್ಯಾಮಿಲಿ ಕೋರ್ಟು ಅಂದುಕೊಳ್ಳುತ್ತಾರೆ. ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಹತ್ತಿರ ಇರಬೇಕು ಅನ್ನೋದನ್ನು ಆ ಕೋರ್ಟು ನೋಡುತ್ತದೆ. ಮನೆಯಲ್ಲೇ ಹಿಂಸೆ ಆಗುತ್ತಿದೆ ಅನ್ನೋ ಅನುಮಾನ ಬಂದರೆ, 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗು ಬರುವುದು ನಮ್ಮ ಮುಂದೆ. ತಪ್ಪಿತಸ್ಥರು ಯಾರು ಅಂತ ನಾವು ತೀರ್ಮಾನ ಮಾಡುವುದಿಲ್ಲ. ಇವತ್ತು ರಾತ್ರಿ ಈ ಮಗು ಎಲ್ಲಿ ಮಲಗಬೇಕು, ಅಷ್ಟೇ ನಮ್ಮ ಪ್ರಶ್ನೆ.

ಮೊದಲು ಊಟ ಕೊಡಿಸಿದೆ. 'ಯಾರು ಸುಟ್ಟಿದ್ದು' ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಮಕ್ಕಳು ನಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ. ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನಾಯಿತು ಹೇಳು ಅಂದೆ. ಹೇಳುತ್ತಾ ಹೋದಳು. ನಡುವೆ ಒಂದು ಮಾತು: "ಅಮ್ಮ ಬಂದು ಚಿಲಕ ತೆಗೀತಾಳೆ, ಮಿಸ್." ಚಿಲಕ ಹೊರಗಿತ್ತು. ಅನ್ನ ಸೀಯಿಸಿದ್ದಕ್ಕೆ ಅಮ್ಮ ಸೌಟು ಕಾಯಿಸಿದ್ದಳು. ಬಾಲಮಂದಿರಕ್ಕೆ ಕಳಿಸಿ ಅಂತ ಬರೆದು ಸಹಿ ಹಾಕಿದೆ. ಒಳ್ಳೆ ಕೆಲಸ ಮಾಡಿದೆ ಅಂತಲೇ ಮನೆಗೆ ಹೋದೆ.

ಬೆಳಿಗ್ಗೆ ಬಾಲಮಂದಿರದಿಂದ ಫೋನ್. ಹುಡುಗಿ ತಿಂಡಿ ಮುಟ್ಟುತ್ತಿಲ್ಲ, ತಮ್ಮನಿಗೆ ಯಾರು ಅನ್ನ ಹಾಕುತ್ತಾರೆ ಅಂತ ಒಂದೇ ಸಮ ಕೇಳುತ್ತಿದ್ದಾಳೆ. ನಾಲ್ಕು ವರ್ಷದ ತಮ್ಮ! ಟೀಚರಿಗೆ ಗೊತ್ತಿರಲಿಲ್ಲ. ನಾನು ಕೇಳಲೇ ಇಲ್ಲ. ಫೈಲಿನಲ್ಲಿ ಇದ್ದದ್ದು ಒಂದೇ ಹೆಸರು, ನಾನು ಫೈಲನ್ನಷ್ಟೇ ನೋಡಿದ್ದೆ. ಪೊಲೀಸರು ಹೋದಾಗ ಅಮ್ಮ ಗಾರ್ಮೆಂಟ್ಸಿಗೆ ಹೋಗಿ ಆಗಿತ್ತು. ಹೊರಗಿನಿಂದ ಚಿಲಕ ಹಾಕಿತ್ತು. ಒಳಗೆ ಹುಡುಗ ಒಬ್ಬನೇ.

ಆ ಮೇಲಿನಿಂದ ನನ್ನ ಮೊದಲ ಪ್ರಶ್ನೆ ಬದಲಾಯಿತು. ರಾತ್ರಿ ನಿಮ್ಮನೇಲಿ ಯಾರ್ಯಾರು ಮಲಗ್ತೀರಿ, ಯಾರ ಪಕ್ಕ ಯಾರು? ಈ ಒಂದು ಪ್ರಶ್ನೆಗೆ ಮನೆಯ ಅರ್ಧ ಕಥೆ ಹೊರಗೆ ಬರುತ್ತದೆ.

ವಿಚಾರಣೆ ಜಗ್ಗಿತು. ಸಮಾಜ ಕಾರ್ಯಕರ್ತೆ ಮನೆಗೆ ಹೋಗಿ 15 ದಿನದೊಳಗೆ ವರದಿ ಕೊಟ್ಟರು. ಗಂಡ ಬಿಟ್ಟುಹೋಗಿದ್ದ. ಸಾಲದವರು ಬಾಗಿಲಿಗೆ ಬರುತ್ತಿದ್ದರು. ಚಿಲಕ ಹಾಕಿದ್ದು ಅವರ ಭಯಕ್ಕೆ ಅಂದಳು ತಾಯಿ. ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಬರೆ ಬರೆಯೇ. ಮಗುವಿಗೆ ಕ್ರೌರ್ಯ ಅಂತ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಕೇಸೂ ಆಗಿತ್ತು, ಮೂರು ವರ್ಷದವರೆಗೆ ಜೈಲು ಆಗಬಹುದು. ನಮ್ಮ ಕಡೆ ದೊಡ್ಡವರು "ಬರೆ ಹಾಕಿದ್ರೆ ಬುದ್ಧಿ ಬರುತ್ತೆ" ಅಂತ ಸುಲಭವಾಗಿ ಹೇಳುತ್ತಾರೆ, ಅಲ್ವಾ? ಆ ಹುಡುಗಿ ಎರಡು ವಾರ ಮಗ್ಗುಲಾಗಿ ಕೂತಳು.

ಅಂತಿಮ ಆದೇಶಕ್ಕೆ ಕನಿಷ್ಠ ಮೂವರು ಸದಸ್ಯರು ಕೂರಬೇಕು. ನಾವು ಮೂವರೇ ಇದ್ದೆವು, ಒಮ್ಮತ ಆಗಲಿಲ್ಲ. ಮಕ್ಕಳನ್ನು ತಾಯಿಗೇ ಒಪ್ಪಿಸಿ, ತಿಂಗಳಿಗೊಮ್ಮೆ ಹೋಗಿ ನೋಡೋಣ ಅಂದೆ ನಾನು. ಉಳಿದ ಇಬ್ಬರು ತಾಯಿಯ ತಾಯಿ, ಹಳ್ಳಿಯಲ್ಲಿದ್ದ ಅಜ್ಜಿ ಹತ್ತಿರ ಇರಲಿ ಅಂದರು. ಬಹುಮತ ಅವರದು. ನಾಲ್ಕು ತಿಂಗಳ ಗಡುವು ಮುಗಿಯಲು ಆರು ದಿನ ಇರುವಾಗ ಆದೇಶ ಆಯಿತು. ಮಕ್ಕಳ ರಕ್ಷಣೆಗೆ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಒಂದೊಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುವ ಹಾಗೆ ಅರ್ಜಿ ಹಾಕಿಸಿದೆವು.

ಆಗ ಸಿಟ್ಟು ಬಂದಿತ್ತು. ತಾಯಿಯ ಕಣ್ಣೀರಿಗೆ ಜಾಸ್ತಿ ಕರಗಿದ್ದೆ ಅಂತ ಈಗ ಅನಿಸುತ್ತದೆ. ಅವಳು ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ನನ್ನ ಅವಧಿ ಮುಗಿಯುವ ಮುಂಚೆ ನಾನು ಓದಿದ ಕೊನೆಯ ವರದಿಯಲ್ಲಿ ಹುಡುಗಿ ನಾಲ್ಕನೇ ಕ್ಲಾಸು. ತಮ್ಮ ಅಂಗನವಾಡಿಗೆ ಹೋಗುತ್ತಾನೆ, ಬಾಗಿಲು ಹಾಕಿದರೆ ಮಾತ್ರ ಅಳುತ್ತಾನೆ. ಹಾಗಾಗಿ ಅಜ್ಜಿ ಹಗಲು ಹೊತ್ತು ಬಾಗಿಲು ಹಾಕುವುದಿಲ್ಲವಂತೆ.