ನ್ಯೇಪಿಯ ದಿನ ಬಾಲಿಯಲ್ಲಿರುವ ಪ್ರವಾಸಿಗರು ಪಾಲಿಸಬೇಕಾದ ಕ್ರಮ

ಮಾರ್ಚ್ ತಿಂಗಳ ಆಸುಪಾಸಿನಲ್ಲಿ ಬಾಲಿ ದ್ವೀಪಕ್ಕೆ ಹೊರಡುವವರು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಆ ವರ್ಷದ ನ್ಯೇಪಿ ಎಂದು ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಬಾಲಿಯ ಹಿಂದೂಗಳಿಗೆ ಅದು ಶಕ ವರ್ಷದ ಮೊದಲ ದಿನ. ನಮ್ಮ ಯುಗಾದಿಯೂ ಶಕ ವರ್ಷದ ಆರಂಭವೇ ಆಗಿರುವುದರಿಂದ 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದಿದ್ದವು. ಆದರೆ 2024ರಲ್ಲಿ ನ್ಯೇಪಿ ಮಾರ್ಚ್ 11ಕ್ಕೂ ಯುಗಾದಿ ಏಪ್ರಿಲ್ 9ಕ್ಕೂ ಬಂದವು. ಆದ್ದರಿಂದ ನಮ್ಮ ಪಂಚಾಂಗವನ್ನು ನೆಚ್ಚದೆ ಅಲ್ಲಿನ ಕ್ಯಾಲೆಂಡರನ್ನೇ ನೋಡಬೇಕು.

ನ್ಯೇಪಿ ಮೌನದ ವ್ರತ. ಬೆಳಿಗ್ಗೆ 6 ಗಂಟೆಯಿಂದ ಮರುದಿನ ಬೆಳಿಗ್ಗೆ 6 ಗಂಟೆಯವರೆಗೆ ಬೆಂಕಿ-ದೀಪ, ಕೆಲಸ, ಸಂಚಾರ, ಮನರಂಜನೆ ಈ ನಾಲ್ಕನ್ನೂ ತೊರೆಯಬೇಕೆಂಬುದು ಅದರ ನಿಯಮ. ಇದು ಭಕ್ತರ ಮನೆಗಳಿಗಷ್ಟೇ ಸೀಮಿತವಲ್ಲ: ಡೆನ್ಪಸಾರ್ ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ, ಅಂಗಡಿಗಳು ತೆರೆಯುವುದಿಲ್ಲ, 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸಲಾಗುತ್ತಿದೆ. ಪ್ರವಾಸಿಗರು ಯಾವ ಧರ್ಮದವರಾದರೂ ತಂಗಿರುವ ಆವರಣವನ್ನು ಬಿಟ್ಟು ರಸ್ತೆಗಾಗಲಿ ಕಡಲತೀರಕ್ಕಾಗಲಿ ಕಾಲಿಡುವಂತಿಲ್ಲ. ಪೆಚಲಾಂಗ್ ಎಂಬ ಊರ ಕಾವಲುಗಾರರು ಬೀದಿಬೀದಿಯಲ್ಲಿ ಗಸ್ತು ತಿರುಗುತ್ತಿರುತ್ತಾರೆ.

ಹೀಗಾಗಿ ಸಿದ್ಧತೆಯೆಲ್ಲ ಹಿಂದಿನ ದಿನವೇ ಮುಗಿಯಬೇಕು. ದೊಡ್ಡ ಹೋಟೆಲುಗಳು ಅತಿಥಿಗಳಿಗೆ ಊಟ ಒದಗಿಸುತ್ತವೆಯಾದರೂ ಬಾಡಿಗೆ ಮನೆಯಲ್ಲಿ ಇಳಿದುಕೊಂಡವರು ಒಂದು ದಿನಕ್ಕೆ ಸಾಕಾಗುವಷ್ಟು ಆಹಾರ, ಕುಡಿಯುವ ನೀರು, ಔಷಧಿಗಳನ್ನು ತಂದಿಟ್ಟುಕೊಳ್ಳಬೇಕು. ಅಂದು ಸಂಜೆ ಓಗೋ-ಓಗೋ ಎಂಬ ಭಾರೀ ಭೂತಾಕೃತಿಗಳ ಮೆರವಣಿಗೆ ನಡೆಯುವುದರಿಂದ ಹಲವು ರಸ್ತೆಗಳು ಮುಚ್ಚಿರುತ್ತವೆ. ಮಧ್ಯಾಹ್ನದೊಳಗೆ ಕೊಠಡಿ ಸೇರಿಕೊಂಡು, ನಡೆದು ಹೋಗುವಷ್ಟು ದೂರದಲ್ಲೇ ಮೆರವಣಿಗೆಯನ್ನು ನೋಡುವುದು ಒಳ್ಳೆಯದು. ಹೊತ್ತವರ ದಾರಿಗೆ ಅಡ್ಡ ಬಂದು ಫೋಟೋ ತೆಗೆಯಬಾರದು. ಅದಕ್ಕೂ ಕೆಲವು ದಿನ ಮೊದಲು ದೇವಸ್ಥಾನದ ಪವಿತ್ರ ವಸ್ತುಗಳನ್ನು ಶುದ್ಧೀಕರಣಕ್ಕಾಗಿ ಕಡಲಿಗೆ ಒಯ್ಯುವ ಮೆಲಾಸ್ತಿ ನಡೆಯುತ್ತದೆ. ಅದು ಎದುರಾದರೆ ವಾಹನ ನಿಲ್ಲಿಸಿ ದಾರಿ ಬಿಡಬೇಕು, ಪುರೋಹಿತರಿಗಿಂತ ಎತ್ತರದ ಜಾಗದಲ್ಲಿ ನಿಲ್ಲಬಾರದು, ನೆಲದ ಮೇಲಿಟ್ಟ ಹೂವಿನ ಚನಾಂಗ್ ನೈವೇದ್ಯವನ್ನು ತುಳಿಯಬಾರದು. ದೇವಸ್ಥಾನದೊಳಗೆ ಹೋಗುವುದಾದರೆ ಸೊಂಟಕ್ಕೆ ಸಾರೊಂಗ್ ಸುತ್ತಿ ಪಟ್ಟಿ ಕಟ್ಟಿಕೊಳ್ಳಬೇಕು. ಮುಟ್ಟಾದ ಸ್ತ್ರೀಯರಿಗೆ ಒಳಗೆ ಪ್ರವೇಶವಿಲ್ಲ.

ನ್ಯೇಪಿಯ ರಾತ್ರಿ ಪರದೆಗಳನ್ನು ಎಳೆದು, ಹೊರಗೆ ಬೆಳಕು ಕಾಣದಂತೆ ನೋಡಿಕೊಂಡು, ಮೆಲುದನಿಯಲ್ಲಿ ಮಾತನಾಡಬೇಕು. ದೀಪಗಳೆಲ್ಲ ಆರಿದ ಆ ದ್ವೀಪದ ಮೇಲೆ, ಮೋಡವಿಲ್ಲದಿದ್ದರೆ, ನಕ್ಷತ್ರಗಳು ಕಾಣುವ ಬಗೆ ನಮ್ಮ ನಗರವಾಸಿಗಳಿಗೆ ಅಪರೂಪದ್ದು; ಹೋಟೆಲಿನ ಅಂಗಳದಿಂದಲೇ ಅದನ್ನು ನೋಡಬಹುದು. ಮಕ್ಕಳಿಗೆ ಈ ಕಟ್ಟುಪಾಡಿನ ಕಾರಣವನ್ನು ಮುಂಚಿತವಾಗಿ ವಿವರಿಸಿದರೆ ಅವರೂ ಒಗ್ಗಿಕೊಳ್ಳುತ್ತಾರೆ. ಕಾಯಿಲೆ, ಹೆರಿಗೆಯಂತಹ ತುರ್ತಿಗೆ ವಿನಾಯಿತಿ ಇದೆ. ಆಗ ತಾವೇ ಹೊರಗೆ ಹೊರಡದೆ ಹೋಟೆಲಿನ ಸಿಬ್ಬಂದಿಗೆ ತಿಳಿಸಬೇಕು. ಇಷ್ಟು ನಿರ್ಬಂಧ ತಮ್ಮಿಂದಾಗದು ಎನ್ನುವವರು ಪ್ರಯಾಣದ ದಿನಾಂಕವನ್ನೇ ಬದಲಿಸುವುದು ಸರಿ, ಏಕೆಂದರೆ ಇಡೀ ಸಮುದಾಯ ಪಾಲಿಸುವ ವ್ರತವನ್ನು ಒಬ್ಬ ಅತಿಥಿಯ ಟಾರ್ಚ್ ಬೆಳಕೂ ಕೆಡಿಸಬಲ್ಲದು.

ಮರುದಿನ ಬೆಳಿಗ್ಗೆ ವಿಮಾನಗಳು ಮತ್ತೆ ಹಾರುತ್ತವೆ. ಅಂದು ಬಾಲಿಯವರು ಬಂಧುಗಳ ಮನೆಗೆ ಹೋಗಿ ಪರಸ್ಪರ ಕ್ಷಮೆ ಕೇಳುವ ದಿನವಾದುದರಿಂದ ಕೆಲವು ಅಂಗಡಿಗಳು ತಡವಾಗಿ ತೆರೆಯಬಹುದು. ಬೆಳಗಿನ ತಿಂಡಿಗೂ ಏನಾದರೂ ಉಳಿಸಿಕೊಂಡಿರುವುದು ಅನುಕೂಲ.