ಮನಸ್ಸಿಗೆ ಹಿಡಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಕೂಡಿಡುವುದು ಹೇಗೆ?

ರವಿಕೆಯ ಕೊರಳು, ಟ್ಯಾಟೂ, ಗುಡಿಯ ಕಂಬ, ಹಾಡಿನ ತುಣುಕು, ಹಳೇ ಬೋರ್ಡಿನ ಅಕ್ಷರ. ಎಲ್ಲರ ಮೊಬೈಲಿನಲ್ಲೂ ಇಂಥ ಸ್ಕ್ರೀನ್‌ಶಾಟ್‌ಗಳು ರಾಶಿ ಬಿದ್ದಿರುತ್ತವೆ. ಮದುವೆಗೆ ಬ್ಲೌಸ್ ಹೊಲಿಸುವಾಗಲೋ ಅಂಗಡಿಗೆ ಬೋರ್ಡ್ ಬರೆಸುವಾಗಲೋ ಹುಡುಕಿದರೆ ಬೇಕಾದದ್ದು ಸಿಗುವುದಿಲ್ಲ. ಸಿಕ್ಕರೂ ಅದರಲ್ಲಿ ಹಿಡಿಸಿದ್ದು ಏನು ಎಂಬುದೇ ಮರೆತಿರುತ್ತದೆ. ಇದಕ್ಕೆ ಕಾಗದದ ಪುಸ್ತಕವೇ ಮದ್ದು, ಆ್ಯಪ್ ಅಲ್ಲ.

ಎ4 ಅಳತೆಯ, ಗೆರೆಯಿಲ್ಲದ, 120 ಜಿಎಸ್‌ಎಂಗೆ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಕಡಿಮೆಯಿಲ್ಲದ ಹಾಳೆಯ, ದಾರದಲ್ಲಿ ಹೊಲಿದ ಪುಸ್ತಕ ತನ್ನಿ. ಪ್ರತಿ ಮೂರನೇ ಹಾಳೆಯನ್ನು ಬೆನ್ನಿನ ಕಡೆ 2 ಸೆಂ.ಮೀ. ಉಳಿಸಿ ಕತ್ತರಿಸಿಬಿಡಿ. ಹಾಗೆ ಮಾಡದಿದ್ದರೆ ಬಟ್ಟೆ, ಫೋಟೊ ತುಂಬಿದಂತೆ ಪುಸ್ತಕ ಉಬ್ಬಿ ಹೊಲಿಗೆ ಕಿತ್ತುಬರುತ್ತದೆ. ಅಂಟು ಹಾಳೆಯ ಫೋಟೊ ಆಲ್ಬಂ ಬೇಡವೇ ಬೇಡ. ಕೆಲವು ವರ್ಷಗಳಲ್ಲೇ ಅದು ಹಳದಿಗಟ್ಟಿ ಫೋಟೊವನ್ನು ಕಚ್ಚಿಕೊಂಡುಬಿಡುತ್ತದೆ. ಸೆಲ್ಲೋಟೇಪಿನದೂ ಅದೇ ಕಥೆ.

‘ಸಂಗೀತಕ್ಕೆ ಇಷ್ಟು ಪುಟ, ಫ್ಯಾಷನ್ನಿಗೆ ಇಷ್ಟು’ ಎಂದು ಮೊದಲೇ ಪಾಲು ಮಾಡಬೇಡಿ. ದಿನಾಂಕ ಹಾಕಿ, ಸಿಕ್ಕ ಕ್ರಮದಲ್ಲೇ ಸೇರಿಸುತ್ತ ಹೋಗಿ. ಕೊನೆಯ ನಾಲ್ಕು ಪುಟ ಸೂಚಿಗೆ ಇರಲಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ವಸ್ತುವನ್ನು ಇಡಿಯಾಗಿ ತಂದು ಅಂಟಿಸುತ್ತಾರೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು (ಕಟ್ಟಿದ್ದು ಕ್ರಿ.ಶ. 1224) ಪೂರ್ತಿ ಹಿಡಿದ ಫೋಟೊದಿಂದ ಮುಂದೆ ಏನೂ ಹುಟ್ಟುವುದಿಲ್ಲ. ಅಲ್ಲಿನ ಮಂಟಪದಲ್ಲಿ ಕಡೆದು ನುಣುಪು ಮಾಡಿದ ಕಂಬಗಳಿವೆ. ಅವುಗಳಲ್ಲಿ ಒಂದೇ ಕಂಬ, ಆ ಕಂಬದಲ್ಲೂ ಒಂದೇ ಭಾಗ ಆರಿಸಿ. ಅದರ ಕೆಳಗೆ ಏನು, ಎಲ್ಲಿ, ಯಾಕೆ ಎಂದು ಮೂರು ಸಾಲು ಬರೆಯಿರಿ. ‘ಯಾಕೆ’ ಎಂಬ ಸಾಲಿನಲ್ಲಿ ಚೆಂದ, ಸೂಪರ್, ಸಖತ್ ಎಂಬ ಪದಗಳು ಬರಕೂಡದು. ‘ಒಂದು ದಪ್ಪ ಉಂಗುರ, ಒಂದು ತೆಳು ಉಂಗುರ, ನಡುವೆ ನೆರಳಿಗೆಂದೇ ಬಿಟ್ಟ ಸಂದು’ ಎಂಬಷ್ಟು ಖಚಿತವಾಗಿರಲಿ. ಅಷ್ಟು ಬರೆಯಲು ಆಗದಿದ್ದರೆ ಇನ್ನೂ ಸರಿಯಾಗಿ ನೋಡಿಲ್ಲ ಎಂದರ್ಥ, ಅದನ್ನು ಅಂಟಿಸಬೇಡಿ. ಬರೆದ ಮೇಲೆ, ಚಿತ್ರ ಬರದವರೂ ಪೆನ್ಸಿಲ್ಲಿನಲ್ಲಿ ಐದು ನಿಮಿಷ ಅದನ್ನು ಬಿಡಿಸಲೇಬೇಕು. ರಬ್ಬರ್ ಮುಟ್ಟಕೂಡದು. ಯಾವುದು ಯಾವುದರ ಎಷ್ಟು ಪಾಲು ಎಂಬುದು ಕೈಗೆ ತಿಳಿಯುವುದು ಆಗಲೇ.

ಕಲ್ಲಿನ ಕೆತ್ತನೆಯ ಫೋಟೊವನ್ನು ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ನಾಲ್ಕೂವರೆಯ ನಂತರ ತೆಗೆಯಿರಿ. ಓರೆ ಬಿಸಿಲಿನಲ್ಲಿ ಗೆರೆ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಎಲ್ಲವೂ ಸಪಾಟು. ಮೊಬೈಲ್ ಕೆತ್ತನೆಗೆ ನೇರ ಎದುರಿಗಿರಲಿ. ಕೆಳಗಿನಿಂದ ಎತ್ತಿ ಹಿಡಿದರೆ ಅಳತೆ ಕೆಡುತ್ತದೆ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಹಿಡಿಯಿರಿ. ಅದರ ಅಗಲ 27 ಮಿ.ಮೀ., ಹಾಗಾಗಿ ಉಳಿದ ಅಳತೆಯನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ಗೆರೆ ಕಾಣಲೆಂದು ಸೀಮೆಸುಣ್ಣ ಬಳಿಯುವುದು, ಎಣ್ಣೆ ಒರೆಸುವುದು, ಕಾಗದವಿಟ್ಟು ಮಸಿ ಉಜ್ಜುವುದು ಖಂಡಿತ ಕೂಡದು. ಚಿತ್ರದುರ್ಗದ ಕೋಟೆ, ಹರಿಹರದ ಗುಡಿ ಎರಡೂ ಸಂರಕ್ಷಿತ ಸ್ಮಾರಕಗಳು. ಅವನ್ನು ವಿರೂಪಗೊಳಿಸಿದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಬಟ್ಟೆಯ ಚೂರಿಗೆ ಬಿಳಿ ಅಂಟು ಹಾಕುವುದು ದೊಡ್ಡ ತಪ್ಪು. ರೇಷ್ಮೆಯಲ್ಲಿ ಅದು ಇಂಗಿ ಕಲೆಯಾಗುತ್ತದೆ, ಬಟ್ಟೆ ರಟ್ಟಿನ ಹಾಗೆ ಗಡುಸಾಗುತ್ತದೆ. 5 ಸೆಂ.ಮೀ. ಚೌಕದ ಚೂರನ್ನು ಮೇಲಂಚಿನಲ್ಲಿ ಮಾತ್ರ ಸೂಜಿದಾರದಿಂದ ಹೊಲಿಯಿರಿ. ಆಗ ಎತ್ತಿ ಹಿಂಬದಿಯ ನೇಯ್ಗೆಯನ್ನೂ ನೋಡಬಹುದು. ಮೊಳಕಾಲ್ಮೂರು ಸೀರೆಯನ್ನು ಕತ್ತರಿಸುವ ಮಾತೇ ಇಲ್ಲ. ಅಂಚಿನ ಅಗಲ, ಒಂದು ಬುಟ್ಟಾದಿಂದ ಇನ್ನೊಂದಕ್ಕಿರುವ ಅಂತರ ಅಳೆದು ಬರೆದುಕೊಳ್ಳಿ. ಸೀರೆಯ ಅಂದ ನಿಂತಿರುವುದು ಬುಟ್ಟಾದ ಆಕಾರದಷ್ಟೇ ಆ ಅಂತರದ ಮೇಲೂ.

ಅಜ್ಜಿಯರ ಕೈಮೇಲಿನ ಹಚ್ಚೆ ನಕಲು ಮಾಡುವ ಮುನ್ನ ಅವರನ್ನು ಕೇಳಿ. ಹಾಕಿಸಿದ್ದು ಯಾವಾಗ, ಹಾಕಿದವರು ಯಾರು, ಈ ಗುರುತಿಗೆ ಏನೆನ್ನುತ್ತಾರೆ ಎಂಬುದನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ಮುಖದ ಫೋಟೊ ಬೇಡ. ತೋಳನ್ನು ಸಡಿಲವಾಗಿ ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳಿ. ಚರ್ಮ ಎಳೆದು ಹಿಡಿದರೆ ಹಚ್ಚೆಯ ಚೇಳಿನ ಬಾಲವೂ ಉದ್ದವಾಗುತ್ತದೆ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಹಗುರವಾಗಿ ಹಾಸಿ ಮಾರ್ಕರ್‌ನಿಂದ ತಿದ್ದಿ. ವರ್ಷ ಕಳೆದಂತೆ ಹಚ್ಚೆಯ ಬಣ್ಣ ಚರ್ಮದಡಿ ಹರಡುವುದರಿಂದ ಒಂದು ಕಾಲಕ್ಕೆ ಬಿಡಿ ಚುಕ್ಕೆಗಳಾಗಿದ್ದದ್ದು ಈಗ ಒಂದೇ ಗೆರೆಯಾಗಿ ಕಾಣಬಹುದು. ಆದ್ದರಿಂದ ಎರಡು ಚಿತ್ರ ಬೇಕು: ಈಗ ಇರುವ ಹಾಗೆ ಒಂದು, ಆಗ ಇದ್ದಿರಬಹುದಾದ ಹಾಗೆ ಇನ್ನೊಂದು. ಎರಡನೆಯದರಲ್ಲಿ ನಿಮ್ಮ ಊಹೆಯನ್ನೆಲ್ಲ ಚುಕ್ಕೆಗೆರೆಯಲ್ಲೇ ಹಾಕಿ. ಹೊಸ ಟ್ಯಾಟೂಗೆ ಇದನ್ನೇ ಬಳಸುವವರು ಗೆರೆಗಳ ನಡುವೆ ಧಾರಾಳ ಜಾಗ ಬಿಡಬೇಕು.

ಹಾಡಿನ ಹೆಸರು, ಕ್ಯೂಆರ್ ಕೋಡ್ ಅಂಟಿಸಿ ಸುಮ್ಮನಾಗಬೇಡಿ. ಲಿಂಕ್ ಇವತ್ತಿದ್ದರೆ ನಾಳೆ ಇರುವುದಿಲ್ಲ. ಮನಸ್ಸು ಹಿಡಿದ ಜಾಗವನ್ನು ನಿಮಿಷ, ಸೆಕೆಂಡಿನಲ್ಲಿ ಗುರುತು ಮಾಡಿ. ಆಮೇಲೆ ಕೈತಟ್ಟಿ ತಾಳ ಎಣಿಸಿ ಚುಕ್ಕೆಗಳಲ್ಲಿ ಬರೆಯಿರಿ: ಏಳೆಣಿಕೆಯ ಮಿಶ್ರಛಾಪು ತಾಳವಾದರೆ ಮೂರು ಚುಕ್ಕೆ, ಸಂದು, ನಾಲ್ಕು ಚುಕ್ಕೆ; ಐದೆಣಿಕೆಯ ಖಂಡಛಾಪು ಆದರೆ ಎರಡು ಚುಕ್ಕೆ, ಸಂದು, ಮೂರು ಚುಕ್ಕೆ. ಊರಿನ ಸೋಬಾನೆ, ಕೋಲಾಟ ರೆಕಾರ್ಡ್ ಮಾಡುವುದಾದರೆ ಹಾಡುವವರ ಒಪ್ಪಿಗೆ ಪಡೆದು, ಫ್ಯಾನ್ ಆರಿಸಿ, ಮೊಬೈಲನ್ನು ಒಂದು ಮೀಟರ್ ದೂರದಲ್ಲಿ ಇಡಿ.

ಇತಿಹಾಸದ ಪ್ರತಿ ಟಿಪ್ಪಣಿಗೂ ‘ಶಾಸನ’, ‘ಪುಸ್ತಕ’, ‘ಕೇಳಿದ್ದು’ ಎಂಬ ಗುರುತು ಇರಲಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ಬರೆದವನು ಚಪಡ. ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಇದು ಶಾಸನದಲ್ಲೇ ಇರುವ ಮಾತು. ಅಕ್ಷರದ ಟ್ಯಾಟೂ ಬೇಕೆನ್ನುವವರು, ಬೋರ್ಡ್ ಬರೆಯುವವರು ಎರಡು ಲಿಪಿಗಳು ಪಕ್ಕಪಕ್ಕ ಕೂತಿರುವ ಈ ಬಗೆಯನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಲೇಬೇಕು.

ತಿಂಗಳಿಗೊಮ್ಮೆ ಪುಸ್ತಕ ತಿರುವಿ, ಸಂಬಂಧವೇ ಇಲ್ಲದ ಎರಡು ಪುಟಗಳನ್ನು ಜೋಡಿಸಿ ನೋಡಿ. ಹಾಡಿನಿಂದ ಬಂದ ಮೂರು-ನಾಲ್ಕು ಚುಕ್ಕೆಯನ್ನು ಬಟರ್ ಪೇಪರಿನಲ್ಲಿ ತೆಗೆದು ಸೀರೆಯಂಚಿನ ಅಳತೆಯ ಮೇಲಿಟ್ಟರೆ ತೋಳಿನ ಕಸೂತಿಗೆ ನಮೂನೆ ಸಿಗುತ್ತದೆ. ಟೈಲರಿಗಾಗಲಿ ಟ್ಯಾಟೂ ಹಾಕುವವರಿಗಾಗಲಿ ಪುಸ್ತಕ ಕೊಡಬೇಡಿ, ಮೊಬೈಲಿನಲ್ಲೂ ತೋರಿಸಬೇಡಿ. ಪರದೆಯ ಮೇಲೆ ಹಿಗ್ಗಿಸಿ ನೋಡಿದವರು ಅಳತೆಯನ್ನು ಅಂದಾಜಿನಲ್ಲೇ ಹಾಕುತ್ತಾರೆ. ನಮೂನೆಯನ್ನು ನಿಜವಾದ ಅಳತೆಯಲ್ಲಿ ಜೆರಾಕ್ಸ್ ಮಾಡಿಸಿ, ಸ್ಕೇಲ್ ಇಟ್ಟು ಪರೀಕ್ಷಿಸಿ ಕೊಡಿ. ‘ಯಾಕೆ’ ಎಂಬ ಸಾಲೂ ಆ ಹಾಳೆಯಲ್ಲೇ ಇರಲಿ.