ಐದು ಊರುಗಳು ಸೇರಿ ಆದ ನಗರ: ಫ್ರೀಮಾಂಟ್‌ಗೆ ಬರುವ ಕನ್ನಡಿಗರಿಗೆ ಒಂದು ಪರಿಚಯ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೊಸದಾಗಿ ಬಂದ ಕನ್ನಡಿಗರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಊರಿನ ಪೇಟೆ ಎಲ್ಲಿದೆ ಎಂದು ವಿಚಾರಿಸುತ್ತಾರೆ. ಈ ಪ್ರಶ್ನೆಗೆ ನೇರವಾದ ಉತ್ತರವಿಲ್ಲದಿರುವುದಕ್ಕೆ ಕಾರಣ ಈ ನಗರ ಹುಟ್ಟಿದ ರೀತಿಯಲ್ಲೇ ಇದೆ. ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ ಮತ್ತು ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರುಗಳು 1956ರ ಜನವರಿ 23ರಂದು ಒಂದಾಗಿ ಫ್ರೀಮಾಂಟ್ ಆದವು. ಯುದ್ಧಾನಂತರದ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯುದ್ದಕ್ಕೂ ಹೊಸ ಬಡಾವಣೆಗಳು ಏಳುತ್ತಿದ್ದು, ಉತ್ತರದ ಹೇವರ್ಡ್ ತನ್ನ ಗಡಿಯನ್ನು ವಿಸ್ತರಿಸುತ್ತಿದ್ದಾಗ, ತಮ್ಮ ನೆಲದ ಮೇಲಿನ ನಿರ್ಧಾರ ತಮ್ಮ ಕೈಯಲ್ಲೇ ಉಳಿಯಬೇಕೆಂದು ಇಲ್ಲಿಯವರು ಈ ದಾರಿ ಹಿಡಿದರು. ಜೊತೆಗೂಡಲು ಒಪ್ಪದ ನ್ಯೂಆರ್ಕ್ ಹಿಂದಿನ ವರ್ಷವೇ ತಾನು ಬೇರೆ ನಗರವಾಗಿತ್ತು. ನಕ್ಷೆಯಲ್ಲಿ ಫ್ರೀಮಾಂಟ್‌ನ ಮಡಿಲಲ್ಲಿ ಇನ್ನೊಂದು ನಗರ ಕುಳಿತಂತೆ ಕಾಣುವುದು ಅದರಿಂದಲೇ. ಕ್ಯಾಪಿಟಲ್ ಅವೆನ್ಯೂ ಸುತ್ತ ನಗರಾಡಳಿತವು ಒಂದು ನಗರಕೇಂದ್ರವನ್ನು ಕಟ್ಟುತ್ತಿರುವುದು ನಿಜವಾದರೂ, ಜನರ ಮಾತಿನಲ್ಲಿ ಆ ಐದು ಊರುಗಳು ಇಂದಿಗೂ ಜೀವಂತವಾಗಿವೆ. ಆದ್ದರಿಂದ ಮನೆ ಹುಡುಕುವವರು ಫ್ರೀಮಾಂಟ್ ಎಂದಷ್ಟೇ ಹೇಳದೆ, ಈ ಐದರಲ್ಲಿ ತಮಗೆ ಯಾವುದು ಹೊಂದುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇವುಗಳಲ್ಲಿ ಹಳೆಯದು ಮಿಷನ್ ಸ್ಯಾನ್ ಹೋಸೆ. ಸಾವಿರಾರು ವರ್ಷಗಳಿಂದ ಓಲೋನಿ ಜನರು ಬಾಳುತ್ತಿದ್ದ ಈ ನೆಲದಲ್ಲಿ ಸ್ಪೇನ್‌ನ ಫ್ರಾನ್ಸಿಸ್ಕನ್ ಪಾದ್ರಿಗಳು 1797ರ ಜೂನ್ 11ರಂದು ತಮ್ಮ ಮಿಷನ್, ಅಂದರೆ ಕ್ರೈಸ್ತ ಧರ್ಮಪ್ರಚಾರದ ನೆಲೆಯನ್ನು ಸ್ಥಾಪಿಸಿದರು. ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ ಇದು ಹದಿನಾಲ್ಕನೆಯದು. ಹೊಲಗದ್ದೆಗಳಲ್ಲಿ ದುಡಿದು ಅದನ್ನು ಸಂಪನ್ನಗೊಳಿಸಿದ ಮೂಲನಿವಾಸಿಗಳು ಹೊರಗಿನಿಂದ ಬಂದ ರೋಗಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಲಿಯಾದರು. ವಾಷಿಂಗ್ಟನ್ ಬುಲೆವಾರ್ಡ್‌ನ ಬದಿಯಲ್ಲಿರುವ ಓಲೋನಿ ಸ್ಮಶಾನದಲ್ಲಿ ಅಂಥವರು ಸಾವಿರಾರು ಮಂದಿ ಮಣ್ಣಾಗಿದ್ದಾರೆ. ಮಕ್ಕಳನ್ನು ಮಿಷನ್ ನೋಡಲು ಕರೆದೊಯ್ಯುವ ತಂದೆತಾಯಿಯರು ಈ ಸ್ಮಶಾನವನ್ನೂ ತೋರಿಸಬೇಕೆಂಬುದು ನನ್ನ ಬಿನ್ನಹ, ಏಕೆಂದರೆ ಬಿಳಿ ಗೋಡೆಯ ಚರ್ಚನ್ನಷ್ಟೇ ನೋಡಿ ಬಂದರೆ ಕಥೆಯ ಅರ್ಧಭಾಗ ಕಾಣದೆ ಉಳಿಯುತ್ತದೆ. ಆ ಚರ್ಚ್ ಕೂಡ ಮೂಲ ಕಟ್ಟಡವಲ್ಲ. 1868ರ ಅಕ್ಟೋಬರ್ 21ರ ಭೂಕಂಪದಲ್ಲಿ ಹಳೆಯದು ಕುಸಿದುಬಿತ್ತು. ಈಗಿರುವುದು ಅದೇ ಮಾದರಿಯಲ್ಲಿ ಪುನರ್ನಿರ್ಮಿಸಿ 1985ರಲ್ಲಿ ಪೂರ್ಣಗೊಳಿಸಿದ್ದು.

ಆ ಭೂಕಂಪಕ್ಕೆ ಕಾರಣವಾದ ಹೇವರ್ಡ್ ಸ್ತರಭಂಗವು (ಭೂಮಿಯ ಪದರದಲ್ಲಿನ ಬಿರುಕು) ಇಂದಿಗೂ ನಗರದ ನಡುವೆ, ಲೇಕ್ ಎಲಿಜಬೆತ್ ಇರುವ ಸೆಂಟ್ರಲ್ ಪಾರ್ಕ್‌ನ ಮೂಲಕ ಹಾಯ್ದುಹೋಗುತ್ತದೆ. ದೊಡ್ಡ ಕಂಪನವಿಲ್ಲದ ಕಾಲದಲ್ಲೂ ಅದು ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ತೆವಳುತ್ತಲೇ ಇರುತ್ತದೆ. ಅದು ಹಾಯುವ ಬೀದಿಗಳಲ್ಲಿ ನಡೆಯುವಾಗ ಕಾಲುದಾರಿಯ ಅಂಚನ್ನು ಗಮನಿಸಿದರೆ, ಒಂದೇ ಗೆರೆಯಲ್ಲಿ ಹಾಕಿದ ಕಾಂಕ್ರೀಟಿನ ಎರಡು ತುಂಡುಗಳು ಒಂದರ ಪಕ್ಕಕ್ಕೊಂದು ಬೆರಳಗಲ ಸರಿದು ನಿಂತಿರುವುದೂ, ಡಾಂಬರಿನಲ್ಲಿ ಓರೆಯಾದ ಬಿರುಕುಗಳು ಸಾಲುಗಟ್ಟಿರುವುದೂ ಕಣ್ಣಿಗೆ ಬೀಳುತ್ತವೆ. ಹೆದರಬೇಕಾದ ಕಾರಣವಿಲ್ಲ, ಆದರೆ ಪುಸ್ತಕದ ಕಪಾಟು ಮತ್ತು ಟಿವಿಯನ್ನು ಗೋಡೆಗೆ ಬಿಗಿಯಿರಿ, ಕೆಲವು ದಿನಗಳಿಗೆ ಸಾಕಾಗುವ ಕುಡಿಯುವ ನೀರನ್ನು ಶೇಖರಿಸಿಡಿ, ಬಾಡಿಗೆದಾರರಿಗಾಗಿ ಇರುವ ಸಾಮಾನ್ಯ ವಿಮೆಯಲ್ಲಿ ಭೂಕಂಪದ ನಷ್ಟ ಸೇರಿರುವುದಿಲ್ಲ ಎಂಬುದನ್ನು ತಿಳಿದಿರಿ.

ನೈಲ್ಸ್ ರೈಲಿನ ಊರು. 1869ರಲ್ಲಿ ಖಂಡವನ್ನು ದಾಟಿ ಬಂದ ರೈಲುಮಾರ್ಗ ನೈಲ್ಸ್ ಕಣಿವೆಯ ಮೂಲಕವೇ ಕೊಲ್ಲಿಯತ್ತ ಇಳಿಯಿತು. ಮುಂದೆ 1912ರಿಂದ 1916ರವರೆಗೆ ಎಸನೇ ಕಂಪನಿ ಇಲ್ಲಿ ಮೂಕಿಚಿತ್ರಗಳನ್ನು ತಯಾರಿಸುತ್ತಿತ್ತು. ಚಾರ್ಲಿ ಚಾಪ್ಲಿನ್ 1915ರಲ್ಲಿ ಕೆಲಸ ಮಾಡಿದ್ದು ಈ ಪುಟ್ಟ ಊರಿನಲ್ಲಿಯೇ. ಹಳೆಯ ರೈಲು ಇಂದಿಗೂ ಪ್ರವಾಸಿಗರನ್ನು ಹೊತ್ತು ಕಣಿವೆಯೊಳಗೆ ಓಡುತ್ತದೆ, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಒಂದು ಭಾನುವಾರ ಕರೆದೊಯ್ಯಲು ಇದಕ್ಕಿಂತ ಹಿತವಾದ ಜಾಗ ಹತ್ತಿರದಲ್ಲಿಲ್ಲ.

ದಕ್ಷಿಣದ ವಾರ್ಮ್ ಸ್ಪ್ರಿಂಗ್ಸ್ ಕಡೆಗೆ ಬಂದರೆ ನಗರದ ಇನ್ನೊಂದು ಮುಖ ಕಾಣುತ್ತದೆ. ಏಪ್ರಿಕಾಟ್ ತೋಟಗಳೂ ತರಕಾರಿ ಹೊಲಗಳೂ ಇದ್ದ ಈ ಸೀಮೆಗೆ 1960ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಬಂತು. ಅದು 1982ರಲ್ಲಿ ಮುಚ್ಚಿತು. ಅದೇ ಕಟ್ಟಡದಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಜೊತೆಗೂಡಿ 1984ರಿಂದ 2010ರವರೆಗೆ ನಮ್ಮಿ ಎಂಬ ಹೆಸರಿನಲ್ಲಿ ಕಾರು ತಯಾರಿಸಿದವು. 2010ರಲ್ಲಿ ಅದು ಟೆಸ್ಲಾದ ಕೈಸೇರಿತು. ಒಂದೇ ಸೂರಿನ ಕೆಳಗೆ ಎರಡು ಸಲ ಮುಚ್ಚಿ, ಮತ್ತೆ ತೆರೆದ ಈ ಚಕ್ರವನ್ನು ಕಂಡ ಹಳೆಯ ಕಾರ್ಮಿಕ ಕುಟುಂಬಗಳು ಇಲ್ಲಿನ ಬೀದಿಗಳಲ್ಲಿ ಇನ್ನೂ ಇವೆ. ತಂತ್ರಾಂಶದ ಉದ್ಯೋಗಕ್ಕೆಂದು ಬಂದ ನಾವು, ಈ ಊರು ನಮ್ಮಂಥವರಿಂದಲೇ ಬೆಳೆಯಿತೆಂದು ಭಾವಿಸಬಾರದು.

ನಗರದ ಜನಸಂಖ್ಯೆ 2020ರ ಜನಗಣತಿಯ ಪ್ರಕಾರ 2,30,504. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಏಷ್ಯಾ ಮೂಲದವರು, ಅವರಲ್ಲಿ ಭಾರತೀಯರೂ ಚೀನೀಯರೂ ಮುಂಚೂಣಿಯಲ್ಲಿದ್ದಾರೆ. ಈ ಸಂಖ್ಯೆಯ ಹಿಂದೆ ಕಾನೂನಿನ ಕಥೆಯೂ ಇದೆ. ದೇಶವಾರು ಕೋಟಾವನ್ನು ತೆಗೆದುಹಾಕಿದ 1965ರ ವಲಸೆ ಕಾಯ್ದೆ ಬಾಗಿಲನ್ನು ತೆರೆಯಿತು, 1990ರ ಕಾಯ್ದೆಯಿಂದ ರೂಪುಗೊಂಡ ಎಚ್-1ಬಿ ವೀಸಾ ನಮ್ಮ ಪೀಳಿಗೆಯವರನ್ನು ಕರೆತಂದಿತು. ಆದರೆ ನಮಗಿಂತ ಮೊದಲೇ ಸಿಖ್ಖರು ಬಂದು ಗುರುದ್ವಾರ ಕಟ್ಟಿದ್ದರು, ಅದು ಇರುವ ರಸ್ತೆಗೆ ಇಂದು ಗುರುದ್ವಾರ ರೋಡ್ ಎಂದೇ ಹೆಸರು. 1979ರ ಸೋವಿಯತ್ ಆಕ್ರಮಣದ ನಂತರ ದೇಶ ತೊರೆದ ಆಫ್ಘನ್ ಕುಟುಂಬಗಳು ಸೆಂಟರ್‌ವಿಲ್‌ನಲ್ಲಿ ನೆಲೆಸಿದ್ದರಿಂದ ಆ ಭಾಗಕ್ಕೆ ಲಿಟಲ್ ಕಾಬೂಲ್ ಎಂಬ ಹೆಸರು ಬಂತು. ಅಲ್ಲಿನ ಬೇಕರಿಯಲ್ಲಿ ಮೊಳಕ್ಕಿಂತ ಉದ್ದದ, ಮೇಲೆ ಬೆರಳಿನ ಗೆರೆಗಳಿರುವ ನಾನ್ ರೊಟ್ಟಿಯನ್ನು ಬಿಸಿಬಿಸಿಯಾಗಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಮನೆಗೆ ತರುವಷ್ಟರಲ್ಲಿ ಕಾಲುಭಾಗವಾದರೂ ಖಾಲಿಯಾಗಿರುತ್ತದೆ. ನೆರೆಯವರನ್ನು ಹೀಗೆ ಅವರ ಅಂಗಡಿಯಲ್ಲಿ, ಅವರ ಪ್ರಾರ್ಥನಾಸ್ಥಳದಲ್ಲಿ ಕಂಡು ಪರಿಚಯಿಸಿಕೊಳ್ಳಿ. ಗುರುದ್ವಾರದಲ್ಲಿ ಲಂಗರ್ ಎಂಬ ಉಚಿತ ಸಾಮೂಹಿಕ ಭೋಜನಕ್ಕೆ ಯಾರು ಬೇಕಾದರೂ ತಲೆಗೆ ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕುಳಿತು ಊಟ ಮಾಡಬಹುದು, ಬಡಿಸಲೂಬಹುದು.

ಮಕ್ಕಳಿರುವವರಿಗೆ ಶಾಲೆಯ ವಿಷಯವೇ ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಅದನ್ನು ತುಸು ವಿವರವಾಗಿ ಹೇಳುತ್ತೇನೆ. ಸರಕಾರಿ ಶಾಲೆಗಳು ಮನೆಯ ವಿಳಾಸಕ್ಕೆ ಹೊಂದಿಕೊಂಡಿವೆ. ನೀವು ಯಾವ ಬೀದಿಯಲ್ಲಿ ವಾಸಿಸುತ್ತೀರಿ ಎಂಬುದರ ಮೇಲೆ ಮಗುವಿನ ಶಾಲೆ ನಿರ್ಧಾರವಾಗುತ್ತದೆ. ಮಿಷನ್ ಸ್ಯಾನ್ ಹೋಸೆ ಹೈಸ್ಕೂಲಿನ ಗಡಿಯೊಳಗೆ ಬಾಡಿಗೆಯೂ ಮನೆಯ ಬೆಲೆಯೂ ಏರಿರುವುದಕ್ಕೆ ಇದೇ ಕಾರಣ. ಆದರೆ ಗಡಿಯೊಳಗೆ ಮನೆ ಸಿಕ್ಕಿದ ಮಾತ್ರಕ್ಕೆ ಆ ಶಾಲೆಯಲ್ಲೇ ಸೀಟು ಖಚಿತವಲ್ಲ, ತರಗತಿ ತುಂಬಿದ್ದರೆ ಮಗುವನ್ನು ನಗರದ ಬೇರೊಂದು ಶಾಲೆಗೆ ಕಳುಹಿಸುತ್ತಾರೆ. ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಶಾಲಾ ಜಿಲ್ಲೆಯ (ಇಲ್ಲಿನ ಸರಕಾರಿ ಶಾಲೆಗಳನ್ನು ನಡೆಸುವ ಆಡಳಿತದ) ಕಚೇರಿಗೆ ಕರೆ ಮಾಡಿ ಕೇಳಿರಿ. ಸೆಪ್ಟೆಂಬರ್ 1ರೊಳಗೆ ಐದು ವರ್ಷ ತುಂಬುವ ಮಗು ಕಿಂಡರ್‌ಗಾರ್ಟನ್‌ಗೆ ಅರ್ಹ. ಲಸಿಕೆಗಳ ದಾಖಲೆಯನ್ನು ವೈದ್ಯರ ಸಹಿಯೊಂದಿಗೆ ಊರಿನಿಂದಲೇ ತಂದರೆ ಇಲ್ಲಿ ಮತ್ತೆ ಚುಚ್ಚಿಸುವ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ. ಒಂದು ಕಿವಿಮಾತನ್ನೂ ಹೇಳಬೇಕು: ಅಂಕಪಟ್ಟಿಯಲ್ಲಿ ಮುಂದಿರುವ ಶಾಲೆಯಲ್ಲಿ ಪೈಪೋಟಿಯ ಒತ್ತಡವೂ ಅಷ್ಟೇ ಇರುತ್ತದೆ. ಇರ್ವಿಂಗ್ಟನ್, ಅಮೆರಿಕನ್, ವಾಷಿಂಗ್ಟನ್, ಕೆನಡಿ ಹೈಸ್ಕೂಲುಗಳಲ್ಲಿ ಓದಿದ ನಮ್ಮ ಮಕ್ಕಳೂ ಚೆನ್ನಾಗಿಯೇ ಬೆಳೆದಿದ್ದಾರೆ.

ಓಡಾಟದ ಮಾತು ಚಿಕ್ಕದು. 1972ರಲ್ಲಿ ತೆರೆದ ಫ್ರೀಮಾಂಟ್ ನಿಲ್ದಾಣದ ನಂತರ ಬಾರ್ಟ್ ರೈಲು 2017ರಲ್ಲಿ ವಾರ್ಮ್ ಸ್ಪ್ರಿಂಗ್ಸ್‌ಗೂ, 2020ರಲ್ಲಿ ಮಿಲ್ಪಿಟಾಸ್ ಮತ್ತು ಸ್ಯಾನ್ ಹೋಸೆಯ ಬೆರಿಯೆಸ್ಸಾಗೂ ಮುಂದುವರಿಯಿತು. ಕಚೇರಿ ಕೊಲ್ಲಿಯ ಆಚೆ ದಡದಲ್ಲಿದ್ದರೆ ಡಂಬಾರ್ಟನ್ ಸೇತುವೆ ದಾಟಬೇಕು. ಪಶ್ಚಿಮಕ್ಕೆ ಹೋಗುವಾಗ ಮಾತ್ರ ಸುಂಕವಿದೆ.

ಕನ್ನಡದ ನಂಟನ್ನು ಇಲ್ಲಿ ಉಳಿಸಿಕೊಳ್ಳುವುದು ಕಷ್ಟವಲ್ಲ, ಆದರೆ ಅದು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. 1973ರಲ್ಲಿ ಆರಂಭವಾದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟವು ಇಡೀ ಕೊಲ್ಲಿ ಪ್ರದೇಶಕ್ಕೆ ಸೇರಿದ್ದು, ಅದರ ಕಾರ್ಯಕ್ರಮಗಳು ಬೇರೆ ಬೇರೆ ನಗರಗಳ ಸಭಾಂಗಣಗಳಲ್ಲಿ ನಡೆಯುತ್ತವೆ. ದೇವಸ್ಥಾನಕ್ಕೆಂದು ಫ್ರೀಮಾಂಟ್‌ನಲ್ಲೇ ಹಿಂದೂ ದೇವಾಲಯವಿದೆ. ದಕ್ಷಿಣದ ಶೈಲಿಯ ಗೋಪುರವನ್ನು ಕಾಣಬೇಕೆನ್ನುವವರು 680ನೇ ಹೆದ್ದಾರಿ ಹಿಡಿದು ಲಿವರ್‌ಮೋರ್‌ನ ಶಿವ-ವಿಷ್ಣು ದೇವಾಲಯಕ್ಕೆ ಹೋಗುತ್ತಾರೆ. ಬಂದ ಹೊಸತರಲ್ಲಿ ಪ್ರೇಕ್ಷಕರಾಗಿ ಹೋಗುವುದಕ್ಕಿಂತ ಸ್ವಯಂಸೇವಕರಾಗಿ ಹೋಗಿರಿ: ಕುರ್ಚಿ ಜೋಡಿಸುವಾಗ, ಊಟ ಬಡಿಸುವಾಗ ಆಗುವ ಪರಿಚಯವೇ ಮುಂದೆ ಮನೆ ಬದಲಿಸುವಾಗಲೂ, ಬಾಣಂತನಕ್ಕೂ, ಕೆಲಸ ಹೋದ ತಿಂಗಳಲ್ಲೂ ಕೈಹಿಡಿಯುತ್ತದೆ.

ಕೊನೆಯದಾಗಿ ನಗರಸಭೆ. 2018ರಿಂದ ಫ್ರೀಮಾಂಟ್‌ನ ನಗರಸಭಾ ಸದಸ್ಯರು ವಾರ್ಡುವಾರು ಆಯ್ಕೆಯಾಗುತ್ತಿದ್ದಾರೆ, ಮೇಯರನ್ನು ಇಡೀ ನಗರ ಆರಿಸುತ್ತದೆ. ವೀಸಾದ ಮೇಲಿರುವವರಿಗೆ ಮತವಿಲ್ಲ. ಆದರೆ ನಗರಸಭೆಯ ಬಹಿರಂಗ ಸಭೆಯಲ್ಲಿ ಎದ್ದು ನಿಂತು ಮಾತನಾಡಲು ಪೌರತ್ವ ಬೇಕಿಲ್ಲ. ನಿಮ್ಮ ಬೀದಿಯ ದೀಪ, ಶಾಲೆಯ ಎದುರಿನ ರಸ್ತೆದಾಟು, ಬಾಡಿಗೆದಾರರ ತೊಂದರೆ ಯಾವುದೇ ಇರಲಿ, ಕಾರ್ಯಸೂಚಿಯನ್ನು ಮುಂಚಿತವಾಗಿ ನೋಡಿಕೊಂಡು, ಹೇಳಬೇಕಾದುದನ್ನು ಕೆಲವೇ ನಿಮಿಷಗಳಿಗೆ ಹೊಂದಿಸಿ ಬರೆದುಕೊಂಡು ಹೋಗಿರಿ.